ಹಣ್ಣು ಕೀಳುವವಳ ಮುಖ

ಮ್ಯೂಸಿಯಂನಲ್ಲಿ ಎಲ್ಲರೂ ಅವಳನ್ನು ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ನಾಲ್ಕು ತಿಂಗಳು ದೊಡ್ಡವನಾದ ಬಾಗಿಲ ಕಾವಲಿನವನಿಗೂ ಅವಳು ಅಕ್ಕನೇ. ಹಾಜರಿ ಪುಸ್ತಕದಲ್ಲಿ ಮಾತ್ರ 'ದುರಸ್ತಿ ಸಹಾಯಕಿ' ಎಂದಿತ್ತು. ಯಾರಿಗೆ ಸಹಾಯಕಿ ಎಂದು ಕೇಳುವವರಿರಲಿಲ್ಲ, ಯಾಕೆಂದರೆ ಆ ಕೋಣೆಯಲ್ಲಿ ಅವಳನ್ನು ಬಿಟ್ಟರೆ ಇನ್ನೊಂದು ನರಪಿಳ್ಳೆ ಇರಲಿಲ್ಲ.

ಕೋಣೆ ಇದ್ದದ್ದು ಕಟ್ಟಡದ ಹಿಂಭಾಗದಲ್ಲಿ, ಉತ್ತರದ ಕಿಟಕಿಯ ಪಕ್ಕ. ಅಲ್ಲಿ ಬಿಸಿಲು ಬೀಳುವುದಿಲ್ಲ, ಬೆಳಕು ಮಾತ್ರ ಬರುತ್ತದೆ. ಉದ್ದನೆಯ ಮೇಜು, ಗೋಡೆಗೆ ಒರಗಿಸಿದ ಮರದ ಚೌಕಟ್ಟುಗಳು, ಬಿಸ್ಕತ್ತಿನ ಖಾಲಿ ಡಬ್ಬಿಗಳಲ್ಲಿ ಬಣ್ಣವಾರು ಸುತ್ತಿಟ್ಟ ನೂಲಿನ ಉಂಡೆಗಳು. ಹೊಸ ನೂಲಿಗೆ ಹಳೆಯ ಬಣ್ಣ ಬರಿಸಲು ಟೀ ಡಿಕಾಕ್ಷನ್ನು, ಈರುಳ್ಳಿ ಸಿಪ್ಪೆ, ತುಕ್ಕು ಹಿಡಿದ ಮೊಳೆ ನೆನೆಸಿಟ್ಟ ನೀರು. ಮೂಲೆಯ ಸ್ಟೌವಿನ ಮೇಲೆ ಅವಳು ಏನನ್ನಾದರೂ ಕುದಿಸುತ್ತಿದ್ದರೆ, ಹೊರಗೆ ಹೋಗುವವರು ಅಡುಗೆಯೋ ಬಣ್ಣವೋ ತಿಳಿಯದೆ ಮೂಗು ಅರಳಿಸುತ್ತಿದ್ದರು. "ಏನಕ್ಕ ಇವತ್ತು ಸ್ಪೆಷಲ್ಲು?" ಎಂದು ಕಾವಲಿನವ ಕೇಳಿದರೆ, "ನೂರು ವರ್ಷದ ಹಳದಿ. ಒಂದು ಲೋಟ ಕೊಡಲಾ?" ಎನ್ನುತ್ತಿದ್ದಳು.

ನುಸಿ ತಿಂದ ಶಾಲು, ಮಡಿಕೆಯಲ್ಲಿ ಸೀಳಿದ ರೇಷ್ಮೆ, ಇಲಿ ಕಡಿದ ಜಮಖಾನ, ಹೀಗೆ ಬಂದದ್ದನ್ನೆಲ್ಲ ಅವಳು ಹೊಲಿಯುತ್ತಿರಲಿಲ್ಲ, ಮತ್ತೆ ನೇಯುತ್ತಿದ್ದಳು. ತೂತಿನ ಸುತ್ತ ಗಟ್ಟಿ ಇರುವ ಕಡೆಯಿಂದ ಎಳೆ ಎತ್ತಿ, ಮೊದಲು ಉದ್ದಕ್ಕೆ ಹಾಸು ಕಟ್ಟಿ, ಆಮೇಲೆ ಸೂಜಿಯಿಂದ ಅಡ್ಡಕ್ಕೆ ಹೊಕ್ಕು ದಾಟಿಸುವುದು. ಮುಗಿದ ಮೇಲೆ ಬೆರಳ ತುದಿಯಿಂದ ಸವರಿದರೆ ಎಲ್ಲಿ ಹಳೆಯದು ಮುಗಿದು ಎಲ್ಲಿ ಹೊಸದು ಶುರುವಾಯಿತೆಂದು ತಿಳಿಯಬಾರದು. ಇದನ್ನು ಅವಳಿಗೆ ಕಲಿಸಿದವಳು ಅತ್ತೆ. ಬಾಯಿ ಜೋರು, ಕೈ ಮಾತ್ರ ಬೆಣ್ಣೆ. ಸೊಸೆ ಮನೆಗೆ ಬಂದ ವಾರಕ್ಕೇ ಸೂಜಿ ಕೈಗೆ ಕೊಟ್ಟು, "ಮುಂಭಾಗದಲ್ಲಿ ನೀನು ಕಾಣಬಾರದು," ಎಂದಿದ್ದಳು. "ಹಿಂಭಾಗದಲ್ಲಿ ಮಾತ್ರ ಒಂದೇ ಒಂದು ಹೊಲಿಗೆ ಉಲ್ಟಾ ಹಾಕು. ನಾಳೆ ಇನ್ನೊಬ್ಬಳು ಇದೇ ಬಟ್ಟೆ ಕೈಗೆ ತಗೊಂಡಾಗ ಮೋಸ ಹೋಗಬಾರದು. ನೋಡೋರಿಗೆ ಗೊತ್ತಾಗೋದು ಬೇಡ, ಕಸುಬಿನವಳಿಗೆ ಗೊತ್ತಾಗಲಿ."

ಬಸ್ ಓಡಿಸುತ್ತಿದ್ದ ಗಂಡ ಬದುಕಿದ್ದಷ್ಟು ದಿನ ಇದನ್ನೇ ಹಿಡಿದು ಛೇಡಿಸುತ್ತಿದ್ದ. "ನಾನು ದಿನವಿಡೀ ದುಡಿದ್ರೆ ಜನ ಇಲ್ಲಿಂದ ಅಲ್ಲಿಗೆ ಹೋಗಿರ್ತಾರೆ, ಕಾಣುತ್ತೆ. ನೀನು ದಿನವಿಡೀ ಕೂತು ಏನು ಮಾಡಿದೆ ಅಂದ್ರೆ, ಏನೂ ಕಾಣಬಾರದು ಅಂತೀಯ. ಇಂಥ ಕೆಲಸ ನನಗೂ ಒಂದು ಕೊಡಿಸೇ."

ಅವಳು ನಗುತ್ತಿದ್ದಳು. ಕಾಣದಿರುವುದೇ ತನ್ನ ಹೆಚ್ಚುಗಾರಿಕೆ ಎಂದು ಅವಳಿಗೆ ಆಗ ಯಾವ ಅನುಮಾನವೂ ಇರಲಿಲ್ಲ.

ಅವಳ ಕೈಯಲ್ಲಿ ಹಾದುಹೋದ ನೂರಾರು ಬಟ್ಟೆಗಳಲ್ಲಿ ಒಂದು ಮಾತ್ರ ಬೇರೆ. ಎಲ್ಲರೂ ಅದನ್ನು ದೊಡ್ಡ ಪರದೆ ಎನ್ನುತ್ತಿದ್ದರು. ಒಂದು ಗೋಡೆಯಷ್ಟು ಅಗಲದ, ಚಿತ್ರ ನೇಯ್ದ ದಪ್ಪ ಬಟ್ಟೆ. ತೋಟದಲ್ಲಿ ಐವರು ಹೆಂಗಸರು ಹಣ್ಣು ಕೀಳುತ್ತಿದ್ದಾರೆ. ಯಾವ ಕಾಲದ್ದೋ, ಯಾರು ನೇಯ್ದದ್ದೋ. ಯಾರದೋ ಮನೆಯಲ್ಲಿ ಚಳಿಗೆ ಗೋಡೆಗೆ ಕಟ್ಟಿದ್ದಿರಬೇಕು. ಹಳೆಯದಾದ ಮೇಲೆ ನೆಲಕ್ಕೆ ಬಂದಿತ್ತು, ಅದಾದ ಮೇಲೆ ಗಾಡಿಯಲ್ಲಿ ಧಾನ್ಯದ ಮೇಲೆ ಹೊದಿಸುವುದಕ್ಕೆ. ಮ್ಯೂಸಿಯಂಗೆ ಅದು ಬಂದದ್ದೂ ತಾನಾಗಿ ಅಲ್ಲ. ದೊಡ್ಡ ಮನೆತನದವರೊಬ್ಬರು ಹಿತ್ತಾಳೆ ದೀಪಗಳನ್ನು ಕೊಟ್ಟಾಗ, ದೀಪಗಳು ಒಂದಕ್ಕೊಂದು ತಾಗಬಾರದೆಂದು ಸುತ್ತಿಕೊಟ್ಟ ಬಟ್ಟೆ ಅದು. ದೀಪಗಳಿಗೆ ಗಾಜಿನ ಕಪಾಟು ಸಿಕ್ಕಿತು, ಪರದೆ ಉಗ್ರಾಣದ ಮೂಲೆಗೆ ಬಿತ್ತು. ಹಲವು ವರ್ಷ ಕಳೆದು, ಆಗ ಮ್ಯೂಸಿಯಂನ ಮುಖ್ಯಸ್ಥರಾಗಿದ್ದ ಹಳೆಯ ಸಾಹೇಬರು ಅದನ್ನು ಬಿಡಿಸಿ ನೋಡಿ, "ದೀಪ ಯಾವನಿಗೆ ಬೇಕು, ಇದು ನೋಡಿ," ಎಂದರು. ಅಲ್ಲಿಂದ ಅದು ಕಲೆಯಾಯಿತು.

ಆದರೆ ನಟ್ಟನಡುವೆ ನಿಂತವಳಿಗೆ ಮುಖವಿರಲಿಲ್ಲ. ಕೊಂಬೆಗೆ ಚಾಚಿದ ಕೈ ಹಾಗೇ ಇತ್ತು, ಕೈಯಲ್ಲಿ ಹಣ್ಣೂ ಇತ್ತು. ಹಣೆಯಿಂದ ಕತ್ತಿನ ತನಕ ಇಲಿ ತಿಂದು ಊಟದ ತಟ್ಟೆಯಷ್ಟು ತೂತು. "ಮುಖ ಇಲ್ಲದವಳನ್ನ ಯಾರಮ್ಮ ನೋಡ್ತಾರೆ? ಮಾಡಿಕೊಡು," ಎಂದರು ಸಾಹೇಬರು.

ಅವಳು ಹದಿನಾಲ್ಕು ತಿಂಗಳು ಮಾಡಿದಳು. ಮಗಳು ಹುಟ್ಟಿ ಮೂರು ತಿಂಗಳಾಗಿತ್ತು. ಮೇಜಿನ ಕೆಳಗೆ ಬಟ್ಟೆಯ ಬುಟ್ಟಿಯಲ್ಲಿ ಮಗುವನ್ನು ಮಲಗಿಸಿ ಕೆಲಸ. ಉಳಿದ ನಾಲ್ವರು ಹೆಂಗಸರಿಂದ ಅವಳು ಒಂದೊಂದು ಸಾಲ ತಂದಳು. ಒಬ್ಬಳ ಹುಬ್ಬು, ಇನ್ನೊಬ್ಬಳ ತುಟಿಯ ತಿರುವು, ಮತ್ತೊಬ್ಬಳ ಕೆನ್ನೆಯ ಬಣ್ಣ, ನಾಲ್ಕನೆಯವಳ ಗಲ್ಲ. ಇದು ಕಸುಬಿನ ಕ್ರಮವೇ. ಕ್ರಮ ತಪ್ಪಿದ್ದು ಒಂದೇ ಕಡೆ. ನಾಲ್ವರೂ ತಾವು ಕೀಳುವ ಹಣ್ಣನ್ನೇ ನೋಡುತ್ತಿದ್ದರು. ನಡುವಿನವಳು ಮಾತ್ರ, ಕೈ ಹಣ್ಣಿನ ಮೇಲಿದ್ದರೂ, ಹೆಗಲ ಮೇಲಿಂದ ಹಿಂದಕ್ಕೆ ತಿರುಗಿದಳು. ಮಗು ಎದ್ದಿತೇನೋ ಎಂದು ಕಿವಿಗೊಟ್ಟ ತಾಯಿ, ಕೈಯ ಕೆಲಸ ಬಿಡಲಾಗದೆ ಕತ್ತು ಮಾತ್ರ ತಿರುಗಿಸುತ್ತಾಳಲ್ಲ, ಹಾಗೆ. ಹಾಗೆ ಮಾಡಬೇಕೆಂದು ಅವಳೇನೂ ಕೂತು ಯೋಚಿಸಿದ್ದಲ್ಲ. ದಿನಕ್ಕೆ ಮೂವತ್ತು ಸಲ ತನ್ನ ಕತ್ತೇ ಹಾಗೆ ತಿರುಗುತ್ತಿತ್ತು, ಸೂಜಿಗೂ ಅದೇ ಬಂತು.

ಜನ ಮುಗಿಬಿದ್ದದ್ದು ಆ ಮುಖಕ್ಕೇ. ಪ್ರವೇಶದ ಚೀಟಿಯ ಮೇಲೆ ಅದನ್ನೇ ಅಚ್ಚು ಹಾಕಿಸಿದರು. ಓದಿದವರು ಬಂದು ಪುಸ್ತಕ ಬರೆದರು. ಅವಳು ಏನನ್ನು ಕೇಳಿಸಿಕೊಳ್ಳುತ್ತಿದ್ದಾಳೆ ಎಂಬುದೇ ಒಂದು ಅಧ್ಯಾಯ. ಪ್ರಿಯಕರನ ಹೆಜ್ಜೆ ಸಪ್ಪಳ ಎಂದು ಒಬ್ಬರು, ಯುದ್ಧದ ಸುದ್ದಿ ಎಂದು ಇನ್ನೊಬ್ಬರು. ಸೂಜಿಯಕ್ಕ ಅದನ್ನು ಮಗಳ ಬಾಯಿಂದ ಓದಿಸಿ ಕೇಳಿ, "ಮಗು ಉಚ್ಚೆ ಹೊಯ್ದಿದೆ ಅಂತ ಒಬ್ಬರಿಗೂ ಹೊಳೀಲಿಲ್ವಲ್ಲ," ಎಂದು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಿದ್ದಳು.

ಸಾಹೇಬರು ಅವಳ ಕೆಲಸದ ಬಗ್ಗೆ ಎಲ್ಲೂ ಒಂದು ಸಾಲು ಬರೆದಿಡಲಿಲ್ಲ. ಕೆಟ್ಟವರಾಗಿ ಅಲ್ಲ. ಬೆಳಿಗ್ಗೆ ನೆಲ ಗುಡಿಸಿದ್ದನ್ನು ಯಾರಾದರೂ ಬರೆದಿಡುತ್ತಾರೆಯೇ, ಹಾಗೆ. ಪರದೆಯ ಹಿಂಭಾಗಕ್ಕೆ ದಪ್ಪನೆಯ ಅಸ್ತರು ಹಾಕಿಸಿ ಗೋಡೆಗೇರಿಸಿದರು. ನಿವೃತ್ತರಾದರು, ತೀರಿಕೊಂಡರು.

ಇದಾಗಿ ಮೂವತ್ತೊಂದು ವರ್ಷ. ಸೂಜಿಯಕ್ಕನ ನಿವೃತ್ತಿಗೆ ಇನ್ನು ಏಳೇ ತಿಂಗಳು ಇರುವಾಗ, ಸಾಹೇಬರು ಕೂರುತ್ತಿದ್ದ ಕುರ್ಚಿಗೆ ಹೊಸ ಮೇಡಂ ಬಂದರು.

ಮೇಡಂಗೆ ಮೂವತ್ತೈದು ದಾಟಿರಲಿಲ್ಲ. ದೂರದಲ್ಲೆಲ್ಲೋ ಇದನ್ನೇ ಓದಿಕೊಂಡು ಬಂದವರು. ಮಾತು ಮೆತ್ತಗೆ, ಯಾರನ್ನೂ ಏಕವಚನದಲ್ಲಿ ಕರೆದವರಲ್ಲ. ಮೊದಲ ದಿನವೇ ಹಿಂದಿನ ಕೋಣೆಗೆ ಬಂದು, ಕುರ್ಚಿ ಎಳೆದುಕೊಂಡು ಕೂತು, ಒಂದು ಶಾಲನ್ನು ಭೂತಗನ್ನಡಿ ಹಿಡಿದು ಅರ್ಧ ಗಂಟೆ ನೋಡಿದರು.

"ಅಮ್ಮಾ, ಇದರಲ್ಲಿ ನೀವು ಕೈ ಹಾಕಿದ್ದು ಎಲ್ಲಿ?"

"ನೀವೇ ಹೇಳಿ," ಎಂದಳು ಸೂಜಿಯಕ್ಕ. ಸ್ವಲ್ಪ ಜಂಬವಿತ್ತು ದನಿಯಲ್ಲಿ.

"ಗೊತ್ತಾಗ್ತಿಲ್ಲ. ನಿಜವಾಗ್ಲೂ ಗೊತ್ತಾಗ್ತಿಲ್ಲ. ಇಲ್ಲಿ ಯಾವುದಕ್ಕೂ ದಾಖಲೆ ಬೇರೆ ಇಲ್ಲ. ನೀವು ದುರಸ್ತಿ ಮಾಡಿದ ಜಾಗವನ್ನೆಲ್ಲ ನನಗೆ ಗುರುತು ಮಾಡಿ ಕೊಡ್ತೀರಾ? ಒಂದೊಂದೂ ಬೇಕು."

ಮೂವತ್ತೈದು ವರ್ಷದ ಕೆಲಸದಲ್ಲಿ ಹೀಗೆ ಕೇಳಿದವರು ಇವರೇ ಮೊದಲು. ಆ ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಮಗಳಿಗೆ ಹೇಳಿದಳು. ಮಗಳು ಹೆರಿಗೆಗೆಂದು ಬಂದವಳು ಐದು ತಿಂಗಳ ಕೂಸಿನ ಜೊತೆ ಇನ್ನೂ ಇಲ್ಲೇ ಇದ್ದಳು. "ಕೊನೆಗೂ ಯಾರೋ ಬರೆದಿಡ್ತಾರಂತೆ ಕಣೇ," ಎಂದಳು ಸೂಜಿಯಕ್ಕ. ಬರೆದಿಡುತ್ತೇವೆ ಎಂದು ಮೇಡಂ ಹೇಳಿರಲಿಲ್ಲ. ದಾಖಲೆ ಎಂಬ ಮಾತು ಬಂದಿತ್ತು, ಉಳಿದದ್ದನ್ನು ಇವಳೇ ಸೇರಿಸಿಕೊಂಡಿದ್ದಳು.

ಮೂರು ವಾರ ಅವಳು ಗುರುತು ಹಾಕಿದಳು. ಒಂದೊಂದೇ ಬಟ್ಟೆ ಕಪಾಟಿನಿಂದ ತೆಗೆದು, ತನ್ನ ಕೈಯ ಜಾಗದ ಸುತ್ತ ಬಿಳಿ ದಾರದಲ್ಲಿ ಸಡಿಲವಾಗಿ ಒಂದು ಸುತ್ತು. ಅವಳಿಗೆ ಬಟ್ಟೆ ನೋಡಿದರೆ ದಿನ ನೆನಪಾಗುತ್ತಿತ್ತು. ಈ ನೀಲಿ ಅಂಚು ಮಗಳಿಗೆ ಸೀತಾಳೆ ಸಿಡುಬು ಎದ್ದ ವಾರದ್ದು. ಈ ತೋಳು ಮನೆಯ ನಲ್ಲಿ ಒಡೆದು ಹಜಾರವೆಲ್ಲ ನೀರಾದ ಮರುದಿನದ್ದು. ಇದು, ಈ ಉಗುರಷ್ಟು ಅಗಲದ ಕೆಂಪು, ಗಂಡ ಹೋದ ಹನ್ನೆರಡನೆಯ ದಿನ ಕೆಲಸಕ್ಕೆ ಬಂದು ಬೇರೇನೂ ತೋಚದೆ ಮಾಡಿದ್ದು. ತನಗೇ ಸಿಗದೆ ಹೋದಾಗ ಹಿಂಭಾಗ ತಿರುಗಿಸಿ, ಅತ್ತೆ ಹೇಳಿಕೊಟ್ಟ ಉಲ್ಟಾ ಹೊಲಿಗೆಯನ್ನು ಹುಡುಕಿ, "ಇಲ್ಲಿದ್ದೀಯಾ ಕಳ್ಳಿ," ಎನ್ನುತ್ತಿದ್ದಳು. ಒಂದನ್ನೂ ಬಿಡಲಿಲ್ಲ. ಕಾಳಿನಷ್ಟು ಚಿಕ್ಕದಕ್ಕೂ ಬಿಳಿ ಸುತ್ತು ಹಾಕಿದಳು. ಆ ಮೂರು ವಾರದಷ್ಟು ಹುರುಪು ಮಗಳು ಹುಟ್ಟಿದಾಗಲೂ ಇರಲಿಲ್ಲವೇನೋ.

ನಾಲ್ಕನೆಯ ವಾರದ ಸೋಮವಾರ ಅವಳು ಕೋಣೆಗೆ ಬಂದಾಗ ತನ್ನ ಮೇಜಿನ ಮೇಲೆ ಕಂದು ಶಾಲು ಹರಡಿತ್ತು. ಮೇಡಂ ಕರೆದುಕೊಂಡು ಬಂದಿದ್ದ ಇಬ್ಬರು ಹುಡುಗಿಯರು, ಕೈಗೆ ತೆಳು ಕೈಗವಸು ಹಾಕಿಕೊಂಡು, ಚಿಮಟದಿಂದ ಎಳೆಯೊಂದನ್ನು ಎಳೆಯುತ್ತಿದ್ದರು. ಶಾಲಿನ ತುಂಬ ತೂತುಗಳು. ಒಂದು ಕ್ಷಣ ಅವಳು ನುಸಿ ಬಿದ್ದಿದೆ ಎಂದೇ ತಿಳಿದಳು. ಆಮೇಲೆ ಪಕ್ಕದಲ್ಲಿ ಸಾಲಾಗಿ ಇಟ್ಟ ಸಣ್ಣ ಪ್ಲಾಸ್ಟಿಕ್ ಕವರುಗಳು ಕಂಡವು. ಪ್ರತಿಯೊಂದರಲ್ಲಿ ಸುರುಳಿ ಸುರುಳಿ ನೂಲು, ಮೇಲೊಂದು ಸಂಖ್ಯೆ, ಕೆಳಗೆ 'ನಂತರದ ಸೇರ್ಪಡೆ' ಎಂಬ ಚೀಟಿ. ಬಿಳಿ ದಾರದ ಸುತ್ತುಗಳು ತೂತಿನ ಸುತ್ತ ಹಾಗೇ ಇದ್ದವು.

"ನೀವು ಗುರುತು ಹಾಕಿರೋದು ಎಷ್ಟು ಅಚ್ಚುಕಟ್ಟಾಗಿದೆ ಗೊತ್ತಾ?" ಎಂದಳು ಒಬ್ಬ ಹುಡುಗಿ. "ಇಲ್ಲದಿದ್ರೆ ನಮಗೆ ಒಂದೂ ಸಿಗ್ತಿರಲಿಲ್ಲ."

ಮೇಡಂ ಬಂದರು. ಅವಳ ಮುಖ ನೋಡಿದವರೇ ಕುರ್ಚಿ ಕೊಟ್ಟರು. ಅವಳು ಕೂರಲಿಲ್ಲ.

"ಅಮ್ಮಾ, ನಿಮಗೆ ಮೊದಲೇ ಸರಿಯಾಗಿ ವಿವರಿಸಬೇಕಿತ್ತು, ತಪ್ಪು ನನ್ನದು. ಈಗ ಎಲ್ಲ ಕಡೆ ಹೀಗೇ ಮಾಡ್ತಿರೋದು. ಆಗಿನವರಿಗೆ ಪೂರ್ತಿಯಾಗಿ, ಚೆನ್ನಾಗಿ ಕಾಣಬೇಕು ಅಂತಿತ್ತು. ಈಗ ಹಳೇದು ಎಷ್ಟು ಉಳಿದಿದೆಯೋ ಅಷ್ಟೇ ಕಾಣಬೇಕು ಅಂತ. ತೂತಾದ್ರೆ ತೂತು. ಅದೂ ಆ ಬಟ್ಟೆಯ ಕಥೆ ತಾನೆ?"

"ನಾನು ಸುಳ್ಳು ಹೊಲಿದ್ನಾ?"

"ಹಾಗಲ್ಲಮ್ಮ."

"ಹಾಗೇ."

ಕಂದು ಶಾಲಿನ ಮೇಲೆ ಚಿಮಟ ಮತ್ತೆ ಬಗ್ಗಿತು. ಸೂಜಿಯಕ್ಕ ಸ್ಟೌವಿನ ಹತ್ತಿರ ಹೋಗಿ, ಕುದಿಸಬೇಕಾದದ್ದು ಏನೂ ಇಲ್ಲದಿದ್ದರೂ ನೀರು ಇಟ್ಟಳು.

ಆ ಸಂಜೆ ಮಗಳು ಎಲ್ಲ ಕೇಳಿ, ಕೂಸನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಾ, "ದೊಡ್ಡ ಪರದೆಗೆ ಗುರುತು ಹಾಕಿದ್ಯಾ?" ಎಂದಳು.

"ಇನ್ನೂ ಇಲ್ಲ. ಅದು ಗೋಡೆ ಮೇಲಿದೆಯಲ್ಲ, ಇಳಿಸಬೇಕು."

"ಹಾಗಿದ್ರೆ ಅದರ ಬಗ್ಗೆ ಬಾಯಿ ಬಿಡಬೇಡ."

"ಕೇಳಿದ್ರೆ?"

"ಮುದುಕಿ, ಮರ್ತುಹೋಯ್ತು ಅನ್ನು."

"ನಾನ್ಯಾವ ಮುದುಕಿಯೇ?"

"ಬೇಕಾದಾಗ ಆಗ್ಬೇಕಮ್ಮ," ಎಂದಳು ಮಗಳು. ಕೂಸು ತೇಗಿತು. ಇಬ್ಬರೂ ಸ್ವಲ್ಪ ನಕ್ಕರು. ಆ ನಗುವಿನ ನಡುವೆಯೇ ಸೂಜಿಯಕ್ಕ ತೀರ್ಮಾನ ಮಾಡಿದಳು. ಉಳಿದದ್ದೆಲ್ಲ ಹೋದರೆ ಹೋಗಲಿ. ಮುಖ ಒಂದು ಉಳಿದರೆ ಸಾಕು.

ಪರದೆ ಇಳಿಸಿದ ದಿನ ಅವಳು ಎರಡು ಮೂಲೆ, ಕೆಳಗಿನ ಅಂಚು, ಒಂದು ಎಲೆ, ಇಷ್ಟಕ್ಕೆ ಬಿಳಿ ಸುತ್ತು ಹಾಕಿದಳು. ಮೇಡಂ ಪಕ್ಕದಲ್ಲೇ ಇದ್ದರು.

"ಇಷ್ಟೇನಾ ಅಮ್ಮಾ?"

"ಇಷ್ಟೇ."

ಸೂಜಿಯಕ್ಕ ಹುಡುಗಿಯರಿಗೆ ಎಲೆ ತೋರಿಸುವ ನೆಪದಲ್ಲಿ ಬಗ್ಗಿದಳು. ಮೇಡಂ ಮುಖದ ಮೇಲೆ ಭೂತಗನ್ನಡಿ ಹಿಡಿಯಲೂ ಇಲ್ಲ. ಪ್ರವೇಶದ ಚೀಟಿಯ ಮೇಲೆ ಅಚ್ಚಾದ ಮುಖವನ್ನು ಯಾರು ಅನುಮಾನಿಸುತ್ತಾರೆ?

ಇಷ್ಟಕ್ಕೇ ನಿಂತಿದ್ದರೆ ಉಳಿದ ತಿಂಗಳುಗಳು ಹೇಗೋ ಕಳೆಯುತ್ತಿದ್ದವು. ಆದರೆ ಅದೇ ತಿಂಗಳು ಮುಂಭಾಗದ ಹೊಸ ಹಜಾರದಲ್ಲಿ ಒಂದು ಪ್ರದರ್ಶನ ಶುರುವಾಯಿತು. ಊಟದ ಬಿಡುವಿನಲ್ಲಿ ಕಾವಲಿನವ ಬಂದು, "ಅಕ್ಕಾ, ನಿಮ್ಮ ಸೂಜಿ ಜಾತಿಯವರೊಬ್ಬರು ಬಂದಿದ್ದಾರೆ, ನೋಡಿ ಬನ್ನಿ," ಎಂದ.

ಬಿಳಿ ಗೋಡೆ, ಮೇಲಿಂದ ಇಳಿಬಿಟ್ಟ ದೀಪ. ಗಾಜಿನ ಪೆಟ್ಟಿಗೆಯೊಳಗೆ ಹರಿದ ಒಂದು ಕೋಟು, ಒಂದು ಹಾಸಿಗೆ ಹೊದಿಕೆ, ಒಂದು ಗೋಣಿಚೀಲ. ಹರಿದಲ್ಲೆಲ್ಲ ದಪ್ಪ ಕೆಂಪು ದಾರದಲ್ಲಿ ಹೊಲಿಗೆ. ದೂರದಿಂದಲೇ ಗಾಯದ ಹಾಗೆ ಎದ್ದು ಕಾಣುತ್ತಿತ್ತು. ಪಕ್ಕದ ಗೋಡೆಯ ಮೇಲೆ, ಅಂಗೈ ಉದ್ದದ ಅಕ್ಷರಗಳಲ್ಲಿ, ಹೊಲಿದ ಕಲಾವಿದೆಯ ಹೆಸರು. ಸೂಜಿಯಕ್ಕ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದಳು. ಎಳೆತ ಒಂದೇ ಸಮ ಇರಲಿಲ್ಲ, ಬಟ್ಟೆ ಅಲ್ಲಲ್ಲಿ ಸುಕ್ಕಾಗಿತ್ತು, ಗಂಟು ಮುಂಭಾಗದಲ್ಲೇ ಬಿದ್ದಿತ್ತು. ಅತ್ತೆ ನೋಡಿದ್ದರೆ ಕೈಯ ಗೆಣ್ಣಿಗೆ ಬಾರಿಸುತ್ತಿದ್ದಳು.

"ಗಂಟು ಕಾಣ್ತಿದೆ," ಎಂದಳು.

"ಕಾಣಲಿ ಅಂತಲೇ ಹಾಕಿರೋದಂತೆ," ಎಂದ ಕಾವಲಿನವ. "ಅದಕ್ಕೇ ಕಲೆಯಂತೆ. ನನಗೂ ಅರ್ಥ ಆಗಿಲ್ಲ. ಮುಟ್ಟೋಕೆ ಬಿಡಬೇಡ ಅಂದಿದ್ದಾರೆ, ಅಷ್ಟು ಗೊತ್ತು."

ಅವಳಿಗೆ ನಗು ಬರಬೇಕಿತ್ತು, ಬರಲಿಲ್ಲ. ಆ ಕಲಾವಿದೆಯ ಮೇಲೆ ಸಿಟ್ಟೂ ಬರಲಿಲ್ಲ. ಹರಿದದ್ದನ್ನು ಹೊಲಿದು, ಇಗೋ ನಾನು ಹೊಲಿದೆ ಎಂದು ಹೇಳಬಹುದಿತ್ತು ಎಂಬುದೇ ಅವಳಿಗೆ ಈ ತನಕ ಗೊತ್ತಿರಲಿಲ್ಲ. ಹಾಗೆ ಹೇಳುವುದು ನಾಚಿಕೆಗೇಡು ಎಂದೇ ಕಲಿತಿದ್ದಳು. ಹಿಂದಿನ ಕೋಣೆಯಲ್ಲಿ ಅದೇ ಹೊತ್ತಿಗೆ ಅವಳ ಎಳೆಗಳನ್ನು ಕವರಿಗೆ ತುಂಬುತ್ತಿದ್ದರು. ಆ ಹೆಸರಿನ ಅಕ್ಷರಗಳ ಮುಂದೆ ಅವಳು ಊಟದ ಬಿಡುವು ಮುಗಿಯುವ ತನಕ ನಿಂತಳು. ಊಟದ ಡಬ್ಬಿ ತೆರೆಯದೆ ಮನೆಗೆ ವಾಪಸ್ಸು ಹೋಯಿತು.

ಅದಾಗಿ ಹತ್ತು ದಿನಕ್ಕೆ ಪರದೆ ನೋಡಲು ತಜ್ಞರು ಬಂದರು. ಹೊಸ ಹಜಾರದಲ್ಲಿ ಅದನ್ನು ಏರಿಸುವ ಮುನ್ನ ಒಪ್ಪಿಗೆ ಕೊಡಬೇಕಾದವರು. ಅವರಲ್ಲಿ ಹಿರಿಯರು ಬಿಳಿ ಕೂದಲಿನ, ಕೈಬೆತ್ತದ ಒಬ್ಬರು. ಅಸ್ತರು ಎತ್ತಿ ಹಿಡಿಯಬೇಕಾದೀತು ಎಂದು ಸೂಜಿಯಕ್ಕನನ್ನೂ ಕರೆದಿದ್ದರು. ಪರದೆಯನ್ನು ಮರದ ಚೌಕಟ್ಟಿಗೆ ಕಟ್ಟಿ ನಿಲ್ಲಿಸಿದ್ದರು, ಅವಳು ಗೋಡೆಯ ಬದಿಗೆ ನಿಂತಿದ್ದಳು.

ಹಿರಿಯರು ಮುಖದ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಮೇಡಂ ಕಡೆ ತಿರುಗಿ, "ನೋಡಿ, ಉಳಿದದ್ದೆಲ್ಲ ಕಸುಬು," ಎಂದರು. "ಎಲೆ, ಹಣ್ಣು, ಈ ನಾಲ್ಕು ಹೆಂಗಸರು, ಎಲ್ಲ ನೇಕಾರರು ಮಾಡೋದೇ. ಈ ಮುಖ ಇದೆಯಲ್ಲ, ಇದು ಕಲೆ. ಈ ಕತ್ತಿನ ತಿರುವು ಇಲ್ಲದಿದ್ದರೆ ಇದು ಬರೀ ಹೊದಿಕೆ. ಯಾವನೋ ದೊಡ್ಡ ಕಲಾವಿದ ತನ್ನ ಕೈಯಾರೆ ಇಷ್ಟನ್ನು ಮಾಡಿ ಹೋಗಿದ್ದಾನೆ. ಹೊಲಿಯೋರು, ತೇಪೆ ಹಾಕೋರು ಏಳು ಜನ್ಮ ಕೂತರೂ ಇದು ಬರೋದಲ್ಲ."

ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಮೆಚ್ಚುಗೆ ಉಕ್ಕಿ ಹೇಳಿದ ಮಾತು. ಸೂಜಿಯಕ್ಕ ಆ ಮೆಚ್ಚುಗೆಯನ್ನೂ ಕೇಳಿಸಿಕೊಂಡಳು, ಅದರ ಬಾಲವನ್ನೂ ಕೇಳಿಸಿಕೊಂಡಳು. ಬಾಯಿ ಮುಚ್ಚಿಕೊಂಡಿದ್ದರೆ ಮುಖ ಇನ್ನು ನೂರು ವರ್ಷ ಇರುತ್ತದೆ, ಯಾವನೋ ದೊಡ್ಡ ಕಲಾವಿದನದ್ದಾಗಿ. ಇದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಮಗಳು ಹೇಳಿದ್ದೂ ನೆನಪಿತ್ತು.

"ಅದು ನಾನು ಮಾಡಿದ್ದು," ಎಂದಳು.

ಯಾರಿಗೂ ಮೊದಲು ಅರ್ಥವಾಗಲಿಲ್ಲ. ಮೇಡಂ, "ಎಲೆ ತಾನೆ ಅಮ್ಮಾ, ಗೊತ್ತು," ಎಂದರು.

"ಎಲೆಯಲ್ಲ. ಮುಖ. ಹಣೆಯಿಂದ ಕತ್ತಿನ ತನಕ."

ಹಿರಿಯರು ನಕ್ಕರು, ಮಕ್ಕಳ ಮಾತಿಗೆ ನಗುವ ಹಾಗೆ. "ನೀವು ತೊಳೆದು ಶುಚಿ ಮಾಡಿರಬೇಕು, ಅಲ್ವೇನಮ್ಮ?"

ಸೂಜಿಯಕ್ಕ ಪಕ್ಕದಲ್ಲಿದ್ದ ಹುಡುಗಿಯ ಕೈಯಿಂದ ಕತ್ತರಿ ತೆಗೆದುಕೊಂಡಳು. ಪರದೆಯ ಹಿಂದಕ್ಕೆ ಹೋಗಿ, ಮೂವತ್ತೊಂದು ವರ್ಷದ ಹಿಂದೆ ತಾನೇ ಹಾಕಿದ್ದ ಅಸ್ತರಿನ ಹೊಲಿಗೆ ಬಿಚ್ಚಿದಳು. ಅಸ್ತರು ಸರಿದಾಗ ಮುಖದ ಹಿಂಭಾಗ ಕಂಡಿತು. ಅಂಚಿನುದ್ದಕ್ಕೂ, ಅಲ್ಲಲ್ಲಿ, ಉಲ್ಟಾ ಹಾಕಿದ ಹೊಲಿಗೆಗಳು. ದೊಡ್ಡ ತೇಪೆಯಾದ್ದರಿಂದ ಒಂದು ಸಾಲದೆಂದು ಆಗ ಅವಳು ಆರು ಹಾಕಿದ್ದಳು. ಒಂದೊಂದನ್ನೂ ಬೆರಳಿಟ್ಟು ತೋರಿಸಿದಳು.

ಮೇಡಂ ಮುಖ ಬಿಳಿಚಿಕೊಂಡಿತು. ಹಿರಿಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಹಿಂಭಾಗ ನೋಡಿದರು. ಮುಂಭಾಗಕ್ಕೆ ಬಂದು ಮತ್ತೆ ಮುಖ ನೋಡಿದರು. ಈ ಸಲ ಅಷ್ಟು ಹೊತ್ತು ನಿಲ್ಲಲಿಲ್ಲ.

"ಹೌದು," ಎಂದರು. "ಈಗ ಗಮನ ಇಟ್ಟು ನೋಡಿದರೆ ಕೊಂಚ ಅತಿಯಾಯಿತು ಅನಿಸುತ್ತೆ. ಸ್ವಲ್ಪ ಭಾವುಕ. ಕ್ಯಾಲೆಂಡರ್ ಚಿತ್ರದ ಹಾಗೆ."

ಮುಖ ಅದೇ. ಒಂದು ಎಳೆಯೂ ಆಚೀಚೆ ಆಗಿರಲಿಲ್ಲ. ಕಾಲು ಗಂಟೆಯೂ ಕಳೆದಿರಲಿಲ್ಲ.

ಆಮೇಲೆ ನಡೆದ ಮಾತು ಅವಳ ಎದುರಿಗೇ ನಡೆಯಿತು, ಅವಳೊಡನೆ ಅಲ್ಲ. ಇದೊಂದನ್ನು ಹೀಗೇ ಬಿಡಬಹುದೇ ಎಂದು ಮೇಡಂ ಎರಡು ಸಲ ಕೇಳಿದರು. ಕೇಳಿದ್ದು ನಿಜ, ಸೂಜಿಯಕ್ಕ ಅದನ್ನು ಆಮೇಲೂ ಯಾರಿಗೂ ಮರೆಮಾಚಲಿಲ್ಲ. "ನಿಯಮ ತಂದವರು ನೀವೇ," ಎಂದರು ಹಿರಿಯರು. "ಶಾಲಿಗೊಂದು, ಪರದೆಗೊಂದು ಅಂತ ಮಾಡೋಕಾಗುತ್ತಾ?" ಮೇಡಂ ತಲೆ ತಗ್ಗಿಸಿದರು.

ಎಲ್ಲರೂ ಹೋದ ಮೇಲೆ ಅವರು ಒಬ್ಬರೇ ಬಂದು, "ಯಾಕಮ್ಮಾ ಹೇಳಿದ್ರಿ?" ಎಂದು ಕೇಳಿದರು. ಕಣ್ಣು ಕೆಂಪಾಗಿತ್ತು.

"ಕೇಳಿದ್ರಲ್ಲ ನೀವು, ನಿಮ್ಮ ಕೈ ಎಲ್ಲೆಲ್ಲಿದೆ ಅಂತ."

ಅದೂ ಪೂರ್ತಿ ನಿಜವಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

"ತೆಗೆಯೋದನ್ನ ನಾನೇ ತೆಗೀತೀನಿ," ಎಂದಳು ಸೂಜಿಯಕ್ಕ. "ಆ ಹುಡುಗೀರ ಚಿಮಟಕ್ಕೆ ಕೊಡಬೇಡಿ. ಹಳೇ ಹಾಸು ಜೀರ್ಣವಾಗಿದೆ, ಎಳೆದ್ರೆ ಹಣ್ಣು ಹಿಡಿದ ಕೈ ಸಮೇತ ಬರುತ್ತೆ."

ಮನೆಯಲ್ಲಿ ಅವಳು ಏನೂ ಹೇಳಲಿಲ್ಲ. ಮಗಳು, "ಪರದೆ ಏನಾಯ್ತು?" ಎಂದರೆ, "ಮೇಜಿನ ಮೇಲಿದೆ," ಎನ್ನುತ್ತಿದ್ದಳು. ಸುಳ್ಳಲ್ಲ.

ಹನ್ನೊಂದು ದಿನ ಹಿಡಿಯಿತು. ಕೂತ ಮೊದಲ ದಿನ ಅವಳಿಗೆ ಅಳು ಬರುತ್ತದೆಂದು ಹೆದರಿಕೆಯಿತ್ತು. ಬಂದದ್ದು ಸಿಡುಕು. ಎಳೆಯ ತುದಿಯೇ ಸಿಗುತ್ತಿರಲಿಲ್ಲ. ಇಷ್ಟು ಬಿಗಿಯಾಗಿ, ಇಷ್ಟು ಒಳಗೆ ಯಾಕೆ ಸೇರಿಸಿದ್ದೆ ಮಹಾರಾಯ್ತಿ, ಎಂದು ಆ ಕಾಲದ ತನ್ನನ್ನೇ ಬೈದುಕೊಂಡಳು. ಮೊದಲು ಕೂದಲು, ಆಮೇಲೆ ಹಣೆ. ಕೆನ್ನೆಯಲ್ಲಿ ಅವಳು ಏಳು ಬಣ್ಣ ಬಳಸಿದ್ದಳು, ಈಗ ಏಳು ಕವರಾಯಿತು. ಒಂದು ಕಣ್ಣು ಬಿಚ್ಚಿದ ದಿನ ಇನ್ನೊಂದನ್ನು ಬಿಡಲಾಗದೆ ಸಂಜೆ ಅರ್ಧ ಗಂಟೆ ಹೆಚ್ಚು ಕೂತು ಅದನ್ನೂ ಮುಗಿಸಿದಳು. ಒಂಟಿ ಕಣ್ಣಿನಲ್ಲಿ ಅವಳನ್ನು ಹಾಗೆ ಬಿಟ್ಟು ಮನೆಗೆ ಹೋಗಲು ಮನಸ್ಸು ಬರಲಿಲ್ಲ. ಹುಡುಗಿಯರು ಪ್ರತಿ ಹಂತಕ್ಕೂ ಫೋಟೋ ತೆಗೆದರು. ಬಿಚ್ಚಿದಂತೆಲ್ಲ ಕೆಳಗೆ ಇಲಿಯ ಹಲ್ಲಿನ ಅಂಚು ಕಾಣಿಸಿಕೊಂಡಿತು, ನಿನ್ನೆ ಕಡಿದ ಹಾಗೆ ಹೊಸದಾಗಿ.

ಕೊನೆಗೆ ಕತ್ತು. ಅಲ್ಲಿ ಮೂಲದ ಎರಡು ಎಳೆ ಉಳಿದಿದ್ದವು. ಆಗ ಅವಳು ಅವನ್ನು ತನ್ನ ನೂಲಿನ ಕೆಳಗೆ ಮಡಚಿ ಹಾಕಿದ್ದಳು. ಮೇಡಂ ಬಗ್ಗಿ ಭೂತಗನ್ನಡಿಯಲ್ಲಿ ನೋಡಿದರು. ಎರಡೂ ನೆಟ್ಟಗೆ ಹಣ್ಣಿನ ಕಡೆಗೆ ಹೋಗುತ್ತಿದ್ದವು.

"ಮೊದಲು ಇವಳೂ ಹಣ್ಣನ್ನೇ ನೋಡ್ತಿದ್ದಳು," ಎಂದರು ಮೇಡಂ.

"ಹೌದು."

"ನಿಮಗೆ ಆಗ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

ಮೇಡಂ ಅದನ್ನು ಪುಸ್ತಕದಲ್ಲಿ ಬರೆದುಕೊಂಡರು.

ಆ ಸಂಜೆ ಮಗಳು ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ನೆಲದ ಮೇಲೆ ಹಳೆ ಟವೆಲು, ಪಕ್ಕದಲ್ಲಿ ಬೆಚ್ಚನೆ ನೀರಿನ ಬಕೆಟ್ಟು. ಸೂಜಿಯಕ್ಕ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು, ಚೀಲ ತೊಡೆಯ ಮೇಲಿಟ್ಟುಕೊಂಡೇ ಎಲ್ಲವನ್ನೂ ಹೇಳಿದಳು. ಮೊದಲಿನಿಂದ ಕೊನೆಯ ತನಕ, ಏನೂ ಬಿಡದೆ. ಕೂಸಿನ ಕಾಲು ನೀವುವ ಮಗಳ ಕೈ ನಿಧಾನವಾಯಿತು.

"ನೀನು ಹೇಳದೆ ಇದ್ದಿದ್ರೆ ಅದು ಇರ್ತಿತ್ತು," ಎಂದಳು ಕೊನೆಗೆ.

"ಇರ್ತಿತ್ತು. ಯಾವನದ್ದೋ ಆಗಿ ಇರ್ತಿತ್ತು."

"ಇರ್ತಿತ್ತಲ್ಲಮ್ಮ."

ಆ ಹಿರಿಯರಿಗೆ ಕೊಡಬಹುದಾದ ಉತ್ತರಗಳು ಹನ್ನೊಂದು ದಿನದಿಂದ ಸೂಜಿಯಕ್ಕನೊಳಗೆ ಸಾಲುಗಟ್ಟಿ ನಿಂತಿದ್ದವು. ಮೇಡಂಗೆ ಕೊಡಬಹುದಾದವೂ ಇದ್ದವು. ಇದಕ್ಕೆ ಯಾವುದೂ ಹೊಂದಲಿಲ್ಲ. ಮಗಳು ಗದರಿಸಿ ಹೇಳಿದ್ದರೆ ತಿರುಗಿ ಗದರಿಸಬಹುದಿತ್ತು, ಅವಳು ಮೆಲ್ಲಗೆ ಹೇಳಿದ್ದಳು. ತಾಯಿಯಾದವಳಿಗೆ ಯಾವುದು ಮುಖ್ಯವೆಂದು ತಾನೇ ಮಗಳಿಗೆ ಹೇಳಿಕೊಡಬೇಕಾದ ವಯಸ್ಸಿನಲ್ಲಿ ಅವಳು ಹೇಳಿ, ಇವಳು ಕೇಳಬೇಕಾಯಿತು.

"ನೀರು ತಣ್ಣಗಾಗುತ್ತೆ," ಎಂದಳು.

ಮಗಳು ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಬಚ್ಚಲಿನಲ್ಲಿ ಚೊಂಬಿನ ಸದ್ದು ಕೇಳಿಸತೊಡಗಿತು. ಸೂಜಿಯಕ್ಕ ಚೀಲದಿಂದ ಖಾಲಿ ಊಟದ ಡಬ್ಬಿ ತೆಗೆದು ತೊಳೆಯಲು ಹಾಕಿದಳು. ಮರುದಿನದ ಕೆಲಸ ಆಗಲೇ ಹೇಳಿದ್ದರು. ಗೋಡೆಗೆ ಏರಿಸುವ ಮೊದಲು ಆ ತೂತಿನ ಅಂಚು ಇನ್ನಷ್ಟು ಬಿಚ್ಚಿಕೊಳ್ಳದ ಹಾಗೆ ಸುತ್ತಲೂ ಒಂದು ಕಟ್ಟು ಹಾಕಬೇಕು. ದಾರ ಬೇರೆ ಬಣ್ಣದ್ದೇ ಇರಲಿ, ದೂರದಿಂದಲೂ ಕಾಣುವ ಹಾಗಿರಲಿ ಎಂದಿದ್ದರು ಮೇಡಂ.